ಪಿಳಿಪಿಳಿ ಮಾವನ ರೆಪ್ಪೆಗೊಂದು ತಂತಿ

ಆ ದಿನ ಬೀದಿಗೆ ಬೀದಿಯೇ ಸೀನಿತು.

ಮೂಲೆಮನೆಯ ಟೀಚರಮ್ಮ ಹಿಟ್ಟು ಕಲಸಲು ಪಾತ್ರೆಗೆ ಕೈ ಹಾಕಿದ್ದೇ ತಡ, ಸೀನಲು ಶುರು ಮಾಡಿದರು. ಎದುರುಮನೆಯ ಬಡಗಿ ಮೊದಲ ತುತ್ತು ಬಾಯಿಗಿಟ್ಟವನು ಲೋಟ ಹುಡುಕುವಷ್ಟೂ ತಾಳ್ಮೆಯಿಲ್ಲದೆ ಕೊಡಕ್ಕೇ ಬಾಯಿ ಹಚ್ಚಿದ. ಹಿಂದಿನ ಓಣಿಯಲ್ಲಿ ಕೈ ತೊಳೆಯದೆ ಕಣ್ಣುಜ್ಜಿಕೊಂಡ ಅಜ್ಜಿಯೊಬ್ಬಳು ಆ ವಯಸ್ಸಿನಲ್ಲೂ ಕುಣಿದಳು. ಸಂಜೆಯಾಗುವಷ್ಟರಲ್ಲಿ ಎಲ್ಲರೂ ತಮ್ಮ ತಮ್ಮ ಡಬ್ಬಿ ಹಿಡಿದುಕೊಂಡು ಹಿಟ್ಟಿನ ಗಿರಣಿಯ ಮುಂದೆ ಸೇರಿದರು.

"ಮಾವ, ಇದು ಗೋಧಿ ಹಿಟ್ಟೋ, ಖಾರದ ಪುಡಿಯೋ? ನೀನೇ ಹೇಳಪ್ಪ!"

ಗಿರಣಿಯ ಯಜಮಾನನನ್ನು ಊರಿಗೆ ಊರೇ ಪಿಳಿಪಿಳಿ ಮಾವ ಎಂದು ಕರೆಯುತ್ತದೆ. ಚಿಕ್ಕಂದಿನಿಂದ ಹಿಟ್ಟಿನ ಧೂಳಿನಲ್ಲೇ ನಿಂತು ಬೆಳೆದವನು. ಧೂಳಿಗೆ ಕಣ್ಣು ಮಿಟುಕಿಸಿ ಮಿಟುಕಿಸಿ ಅದೇ ಚಾಳಿಯಾಗಿ, ಈಗ ಧೂಳಿರಲಿ ಇಲ್ಲದಿರಲಿ, ಅವನ ರೆಪ್ಪೆಗಳಿಗೆ ಬಿಡುವೇ ಇಲ್ಲ. ಅವನು ಊರಿಗೆಲ್ಲ ಮಾವನಾದ ಮೇಲೆ ಅವನ ಹೆಂಡತಿ ತಾನಾಗಿಯೇ ಊರಿಗೆಲ್ಲ ಅತ್ತೆಯಾದಳು.

ಆದದ್ದಿಷ್ಟು. ಗಿರಣಿಯಲ್ಲಿರುವುದು ಒಂದೇ ಯಂತ್ರ. ಒಣಮೆಣಸಿನಕಾಯಿ ಬೀಸಿದ ಮೇಲೆ ಗೋಧಿ ಹಾಕಬೇಕಾದರೆ, ಮೊದಲು ಒಂದಿಷ್ಟು ತೌಡು ಹಾಕಿ ಯಂತ್ರವನ್ನು ಚೊಕ್ಕ ಮಾಡಬೇಕು. ಬರುವ ತೌಡಿನಲ್ಲಿ ಕೆಂಪು ಪೂರಾ ಹೋಗುವವರೆಗೂ ಹಾಕುತ್ತಲೇ ಇರಬೇಕು. ಮಾವ ಇಷ್ಟು ವರ್ಷವೂ ಒಮ್ಮೆ ಇಣುಕಿ ನೋಡಿ "ಹ್ಞಾಂ, ಆಯ್ತು" ಎನ್ನುತ್ತಿದ್ದ, ಅದು ಆಗಿಯೇ ಇರುತ್ತಿತ್ತು. ಈ ಸಲವೂ ಇಣುಕಿದ, ಆಯ್ತು ಎಂದ. ಆಗಿರಲಿಲ್ಲ. ತೌಡು ಇನ್ನೂ ಕೆಂಪಗೇ ಇತ್ತು, ಮಾವನಿಗೆ ಮಾತ್ರ ಬೆಳ್ಳಗೆ ಕಂಡಿತು. ಮೂಗಾದರೂ ಹೇಳಬಾರದಿತ್ತೇ ಎಂದರೆ, ಅದು ಖಾರಕ್ಕೆ ಎಂದೋ ಒಗ್ಗಿಹೋಗಿತ್ತು.

ಅತ್ತೆ ಎಲ್ಲರ ಕ್ಷಮೆ ಕೇಳಿ, ಎಲ್ಲರಿಗೂ ಬೇರೆ ಹಿಟ್ಟು ಅಳೆದು ಕೊಟ್ಟು ಕಳಿಸಿದಳು. ಆಮೇಲೆ ಯಂತ್ರ ನಿಲ್ಲಿಸಿ, ಬಾಗಿಲು ಎಳೆದು, ಬೀಗ ಜಡಿದು, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಇದೇನೇ ಇದು?" ಎಂದ ಮಾವ.

"ಕಣ್ಣಿನ ಆಪರೇಶನ್ ಆಗೋವರೆಗೂ ಗಿರಣಿ ಬಂದ್."

"ಒಂದು ಸಲ ತಪ್ಪಾಯ್ತಪ್ಪ. ಜನ ಸೀನಿದ್ರು. ಸೀನಿದ್ರೆ ಮೂಗು ಶುದ್ಧವಾಗುತ್ತೆ."

"ಇವತ್ತು ಸೀನು, ಸರಿ. ನಾಳೆ ಓಡ್ತಿರೋ ಬೆಲ್ಟು ನಿಂತಿದೆ ಅಂದ್ಕೊಂಡು ಕೈ ಇಟ್ರೆ? ಮೊನ್ನೆ ನಿಮ್ಮ ಅಂಗಿ ತೋಳು ಹೇಗೆ ಹರೀತು ಅಂತ ನಾನು ಕೇಳ್ಲಿಲ್ಲ ಅಷ್ಟೆ. ನನಗೆ ಗೊತ್ತಿಲ್ಲ ಅಂದ್ಕೋಬೇಡಿ."

ತೋಳು ಹರಿದದ್ದು ಬೆಲ್ಟಿಗೆ ಸಿಕ್ಕೇ. ಒಂದು ಗೇಣು ಆಚೀಚೆಯಾಗಿದ್ದರೆ ಹೋಗುತ್ತಿದ್ದದ್ದು ಬಟ್ಟೆಯಲ್ಲ.

ಕಣ್ಣಿನಲ್ಲಿ ಪೊರೆ ಬಂದಿದೆ ಎಂದು ಡಾಕ್ಟರು ಹೇಳಿ ತಿಂಗಳುಗಳೇ ಆಗಿದ್ದವು. ಎರಡೂ ಕಣ್ಣಿಗೂ ಬಂದಿದೆ, ಬಲಗಣ್ಣಿನದು ಹೆಚ್ಚು, ಮೊದಲು ಅದಕ್ಕೊಂದು ಚಿಕ್ಕ ಆಪರೇಶನ್, ಮಾಡಿಸಿಕೊಂಡರೆ ಚೆನ್ನಾಗಿ ಕಾಣುತ್ತದೆ ಎಂದಿದ್ದರು. ಮಾವ ಅಂದಿನಿಂದ ಒಂದೊಂದು ನೆಪ ಹೇಳುತ್ತ ಬಂದಿದ್ದ. ಬಿಸಿಲು ಕಮ್ಮಿಯಾಗಲಿ, ಚಳಿ ಕಳೆಯಲಿ, ಗಿರಾಕಿ ಕಮ್ಮಿಯಾಗಲಿ. ನಿಜವಾದ ಕಾರಣವನ್ನು ಮಾತ್ರ ಹೆಂಡತಿಗೂ ಹೇಳಿರಲಿಲ್ಲ. ಹೇಳಲು ನಾಚಿಕೆ. ಆ ಕಾರಣ ಗೊತ್ತಿದ್ದದ್ದು ಒಬ್ಬನಿಗೇ. ಅವನು ಕಟಿಂಗ್ ಅಂಗಡಿಯ ನೊರೆಯಣ್ಣ.

ನೊರೆಯಣ್ಣ ಮಾವನ ಬಾಲ್ಯದ ಗೆಳೆಯ. ಗಡ್ಡಕ್ಕೆ ಒಂದು ಚಿಟಿಕೆ ಸೋಪು ಹಾಕಿ ಮುಖ ತುಂಬ ನೊರೆ ಎಬ್ಬಿಸುವವನು, ಮಾತಿನಲ್ಲೂ ಹಾಗೆಯೇ. ಗಿರಣಿಗೆ ಬೀಗ ಬಿದ್ದ ಮರುದಿನ ಮಾವ ಅವನ ಕುರ್ಚಿಯಲ್ಲಿ ಕೂತು ಅಳಲು ತೋಡಿಕೊಂಡ.

"ಆಪರೇಶನ್ ಮಾಡುವಾಗ ಎಚ್ಚರವಾಗೇ ಇರ್ತಾರಂತೆ ಕಣೋ. ಕಣ್ಣು ಬಿಟ್ಕೊಂಡೇ ಇರಬೇಕು. ನನ್ನ ರೆಪ್ಪೆ ನಿನಗೆ ಗೊತ್ತಲ್ಲ. ಡಾಕ್ಟರು ಕತ್ತಿ ಇಟ್ಟಾಗ ನಾನು ಪಿಳಿ ಅಂದ್ರೆ?"

"ಪಿಳಿ ಅಂದ್ರೆ ಮುಗೀತು," ಎಂದು ನೊರೆಯಣ್ಣ ಬ್ರಷ್ ಆಡಿಸಿದ. "ಅದಕ್ಕೇ ರೆಪ್ಪೇನ ಹಣೆಗೆ ಹೊಲಿದುಬಿಡ್ತಾರಂತೆ. ಇನ್ನೂ ಕೇಳು. ಕಣ್ಣನ್ನ ಹೊರಗೆ ತೆಗೆದು ಬಟ್ಟಲಲ್ಲಿಟ್ಟು ತೊಳೆದು ವಾಪಸ್ ಇಡ್ತಾರಂತೆ. ಇಡುವಾಗ ಹಿಂದುಮುಂದಾದ್ರೆ?"

"ಹಿಂದುಮುಂದಾದ್ರೆ?"

"ತಲೆ ಒಳಗೆ ಕಾಣುತ್ತೆ."

"ಏನಿರುತ್ತೆ ಅಲ್ಲಿ?"

"ನಿನ್ನ ತಲೆಯಲ್ಲಾ? ಏನೂ ಇರಲ್ಲ, ಬರೀ ತೌಡು."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ಮನೆಯ ದಾರಿಯುದ್ದಕ್ಕೂ ಮಾವ ರೆಪ್ಪೆ ಮುಟ್ಟಿ ಮುಟ್ಟಿ ನೋಡಿಕೊಂಡ. ನಗುವಿನ ಮಾತೇ ಆದರೂ ಹೊಲಿಯುವ ಸೂಜಿ ಮನಸ್ಸಿನಲ್ಲಿ ಚುಚ್ಚಿಕೊಂಡೇ ಇತ್ತು. ಬಾಗಿಲಲ್ಲಿ ನಿಂತಿದ್ದ ಅತ್ತೆ ಅವನ ಮುಖ ನೋಡಿದವಳೇ, "ಮೀಸೆ ಮತ್ತೆ ಒಂದು ಕಡೆ ಗಿಡ್ಡ, ಒಂದು ಕಡೆ ಉದ್ದ," ಎಂದಳು.

"ನಿನಗೆ ಯಾವಾಗಲೂ ಇದೇ. ನೊರೆಯಣ್ಣ ಎರಡೂ ಕಡೆ ಹಿಡಿದು ನೋಡಿದ್ದಾನೆ. ನಾನೂ ಕನ್ನಡಿಯಲ್ಲಿ ನೋಡಿದ್ದೀನಿ. ಸಮ ಇದೆ."

"ಸಮ ಇದೆ, ಸಮ ಇದೆ," ಎಂದು ಅತ್ತೆ ಮೂಗು ಮುರಿದಳು.

ಬೀಗವಂತೂ ತೆರೆಯುವ ಲಕ್ಷಣವಿಲ್ಲ. ಮಾವ ತನಗೆ ತಾನೇ ಒಂದು ಉಪಾಯ ಹುಡುಕಿಕೊಂಡ. ರೆಪ್ಪೆಗಳನ್ನು ಪಳಗಿಸಿದರಾಯಿತು! ಎವೆಯಿಕ್ಕದೆ ನೋಡುವುದನ್ನು ಅಭ್ಯಾಸ ಮಾಡಿಕೊಂಡರೆ ಹೊಲಿಗೆಯ ಗೊಡವೆಯೇ ಇಲ್ಲ. ಅಂದಿನಿಂದ ಅವನು ಹಿತ್ತಲ ಮೆಟ್ಟಿಲ ಮೇಲೆ ಕೂತು ಮನೆಯ ಬೆಕ್ಕಿನ ಎದುರು ಪಣಕ್ಕೆ ಬಿದ್ದವನಂತೆ ಕಣ್ಣಲ್ಲಿ ಕಣ್ಣಿಟ್ಟು ನೋಡತೊಡಗಿದ. ಬೆಕ್ಕು ಕಲ್ಲಿನಂತೆ ಕೂತಿರುತ್ತಿತ್ತು. ಮಾವನ ಕಣ್ಣಲ್ಲಿ ಮೊದಲು ನೀರು, ಆಮೇಲೆ ಉರಿ, ಆಮೇಲೆ ಪಿಳಿಪಿಳಿಪಿಳಿ. ಪ್ರತಿ ಸಲವೂ ಬೆಕ್ಕೇ ಗೆಲ್ಲುತ್ತಿತ್ತು, ಗೆದ್ದು ಆಕಳಿಸುತ್ತಿತ್ತು.

ಕೆಂಪಗೆ ಊದಿಕೊಂಡ ಕಣ್ಣಿನಲ್ಲಿ ಬೆಕ್ಕಿಗೆ ಬೈಯುತ್ತ ಕೂತಿದ್ದ ಗಂಡನನ್ನು ಅತ್ತೆ ಒಂದು ಮಧ್ಯಾಹ್ನ ಹಿಡಿದಳು. ಗದರಿಸಿ ಕೇಳಿದ ಮೇಲೆ ಮಾವ ಬಾಯಿ ಬಿಟ್ಟ. ಅತ್ತೆಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಇಷ್ಟು ದಿನ ಹಟ ಎಂದುಕೊಂಡದ್ದು ಹೆದರಿಕೆ ಎಂದು ಅವಳಿಗೆ ಆಗಲೇ ಗೊತ್ತಾದದ್ದು. ಅವಳು ಒಳಗೆ ಹೋಗಿ ತಂಗಿಗೆ ಫೋನ್ ಮಾಡಿದಳು.

ಅತ್ತೆಯ ತಂಗಿ, ಅಂದರೆ ಮಾವನ ನಾದಿನಿ, ಕಣ್ಣಿನ ಆಸ್ಪತ್ರೆಯಲ್ಲಿ ನರ್ಸು. ಆಪರೇಶನ್ ಕೋಣೆಯಲ್ಲೇ ಅವಳ ಕೆಲಸ. ಭಾನುವಾರ ಚೀಲ ಹೆಗಲಿಗೇರಿಸಿಕೊಂಡು ನಗುತ್ತಲೇ ಬಂದಳು.

"ಏನು ಭಾವ, ಬೆಕ್ಕಿನ ಕೈಲಿ ಸೋತ್ರಂತೆ?"

"ನಿಮ್ಮಕ್ಕ ಊರಿಗೆಲ್ಲ ಡಂಗುರ ಹೊಡೆದಿದ್ದಾಳೆ," ಎಂದು ಮಾವ ಪಿಳಿಗುಟ್ಟಿದ.

"ಬೆಕ್ಕು ಬೇಡ, ಗಿರಣಿಗೆ ಹೋಗೋಣ ಬನ್ನಿ. ಅಕ್ಕಾ, ಕೀಲಿ ಕೊಡೇ. ಯಂತ್ರ ಶುರು ಮಾಡಲ್ಲ, ಆಣೆ."

ಗಿರಣಿಯೊಳಗೆ ಹೋದದ್ದೇ ಮಾವನಿಗೆ ಜೀವ ಬಂದಂತಾಯಿತು. ಹಿಟ್ಟಿನ ವಾಸನೆ, ತಣ್ಣನೆಯ ಕಬ್ಬಿಣ, ಮೂಲೆಯಲ್ಲಿ ಮಡಿಸಿಟ್ಟ ಚೀಲಗಳು. ನಾದಿನಿ ಒಂದು ಖಾಲಿ ಚೀಲ ತಂದು ಅವನ ಮುಂದಿಟ್ಟಳು.

"ಇದಕ್ಕೆ ಹಿಟ್ಟು ತುಂಬಬೇಕು ಭಾವ. ಚೀಲದ ಬಾಯಿ ಮುಚ್ಚಿ ಮುಚ್ಚಿ ಹೋಗ್ತಿದೆ. ಏನ್ಮಾಡ್ತೀರಿ? 'ಬಾಯಿ ಮುಚ್ಚಬೇಡಪ್ಪಾ, ಗಟ್ಟಿ ಮನಸ್ಸು ಮಾಡು' ಅಂತ ಚೀಲಕ್ಕೆ ಬುದ್ಧಿ ಹೇಳ್ತೀರಾ?"

"ಚೀಲಕ್ಕೇನು ಕಿವಿ ಇದೆಯಾ? ತಂತಿ ಹಾಕ್ತೀನಿ."

ಗೋಡೆಯ ಮೊಳೆಗೆ ನೇತಾಡುತ್ತಿದ್ದ ತಂತಿಯನ್ನು ಮಾವ ಹೆಮ್ಮೆಯಿಂದ ಇಳಿಸಿದ. ಅದು ಅವನೇ ಬಗ್ಗಿಸಿ ಮಾಡಿದ್ದು. ಗಟ್ಟಿ ಸ್ಪ್ರಿಂಗ್ ತಂತಿ, ಎರಡು ತೋಳು. ತೋಳುಗಳನ್ನು ಒತ್ತಿ ಹತ್ತಿರ ತಂದು, ಚೀಲದ ಬಾಯೊಳಗೆ ಇಟ್ಟು, ಮೆಲ್ಲಗೆ ಕೈ ಬಿಟ್ಟರೆ ತಂತಿ ತಾನೇ ಅಗಲಿಸಿಕೊಂಡು ಚೀಲದ ಬಾಯನ್ನು ತೆರೆದು ಹಿಡಿಯುತ್ತದೆ. ಯಾರೂ ಹಿಡಿದು ನಿಲ್ಲಬೇಕಾಗಿಲ್ಲ.

"ಚೀಲ ಹರಿಯಲ್ವಾ ಭಾವ?"

"ಯಾಕೆ ಹರಿಯುತ್ತೆ? ತುದಿ ಮುಟ್ಟಿ ನೋಡು. ಸುತ್ತಿ ದುಂಡಗೆ ಮಾಡಿದ್ದೀನಿ. ಇಷ್ಟು ವರ್ಷದಲ್ಲಿ ಒಂದು ಎಳೆ ಕಿತ್ತಿಲ್ಲ."

"ಹಾಗಾದ್ರೆ ಈಗ ಕೈ ಚಾಚಿ."

ನಾದಿನಿ ಚೀಲದಿಂದ ಒಂದು ಪುಟ್ಟ ಡಬ್ಬಿ ತೆಗೆದು, ಅದರೊಳಗಿದ್ದುದನ್ನು ಅವನ ಅಂಗೈಯಲ್ಲಿಟ್ಟಳು. ಮಾವನಿಗೆ ಸರಿಯಾಗಿ ಕಾಣಲಿಲ್ಲ. ಹೊಳೆಯುವ ಏನೋ ಒಂದು, ಹೆಬ್ಬೆರಳಿನಷ್ಟು ಉದ್ದ. ಆದರೆ ಬೆರಳುಗಳಿಗೆ ಪೊರೆ ಬಂದಿರಲಿಲ್ಲ. ಮುಟ್ಟಿದ. ತಂತಿ. ಎರಡು ತೋಳು. ಒತ್ತಿದರೆ ಹತ್ತಿರ ಬರುತ್ತದೆ, ಬಿಟ್ಟರೆ ಅಗಲವಾಗುತ್ತದೆ. ಒಂದೊಂದು ತೋಳಿನ ತುದಿಯಲ್ಲೂ ಸಣ್ಣ ಕೊಂಡಿ, ರೆಪ್ಪೆಯ ಅಂಚು ಕೂರುವಷ್ಟು. ಚೂಪು ಎಲ್ಲೂ ಇಲ್ಲ. ನುಣುಪೋ ನುಣುಪು.

"ಇದು... ಇದು ನನ್ನ ತಂತಿಯ ಮರಿ!" ಎಂದ ಮಾವ.

"ಅದೇ ಭಾವ. ಇದು ರೆಪ್ಪೆ ಹಿಡಿಯೋ ತಂತಿ. ಹೊಲಿಗೆ ಇಲ್ಲ, ಮೊಳೆ ಇಲ್ಲ. ಮೊದಲು ಕಣ್ಣಿಗೆ ಮರಗಟ್ಟಿಸೋ ಹನಿ ಹಾಕ್ತಾರೆ. ಆಮೇಲೆ ಇದನ್ನ ಒತ್ತಿ ರೆಪ್ಪೆಗಳ ನಡುವೆ ಇಟ್ಟು ಮೆಲ್ಲಗೆ ಬಿಡ್ತಾರೆ. ಮೇಲಿನ ರೆಪ್ಪೆ ಮೇಲೆ, ಕೆಳಗಿನದು ಕೆಳಗೆ. ಅಷ್ಟೇ. ಕೆಲವು ಆಸ್ಪತ್ರೇಲಿ ಸ್ಕ್ರೂ ತಿರುಗಿಸಿ ಅಗಲ ಮಾಡೋ ಥರದ್ದೂ ಇರುತ್ತೆ. ಕೆಲಸ ಒಂದೇ."

"ನಾನು ಪಿಳಿ ಅಂದ್ರೆ?"

"ಧಾರಾಳವಾಗಿ ಅನ್ನಿ. ರೆಪ್ಪೆ ಮುಚ್ಚೋಕೆ ನೋಡುತ್ತೆ, ತಂತಿ ಬಿಡಲ್ಲ. ಮಿಟುಕಿಸದೇ ಇರೋದು ನಿಮ್ಮ ಕೆಲಸ ಅಲ್ಲ ಭಾವ, ತಂತಿ ಕೆಲಸ. ಅದಕ್ಕೇ ಅದನ್ನ ಕಂಡುಹಿಡಿದಿರೋದು. ಬೆಕ್ಕಿನಷ್ಟು ತಾಳ್ಮೆ ಯಾವ ಮನುಷ್ಯನಿಗೂ ಇಲ್ಲ."

ಮಾವ ಚೀಲದ ಬಾಯಿಗೆ ತನ್ನ ತಂತಿ ಸಿಕ್ಕಿಸಿ, ಚೀಲವನ್ನು ಮುಚ್ಚಲು ನೋಡಿದ. ಮುಚ್ಚಲಿಲ್ಲ. ಮತ್ತೊಮ್ಮೆ ನೋಡಿದ. ಅವನ ಮುಖ ಮೆಲ್ಲಗೆ ಅರಳತೊಡಗಿತು. ಆದರೂ ವ್ಯಾಪಾರಸ್ಥ, ಪೂರಾ ಪರೀಕ್ಷಿಸದೆ ಸರಕು ಕೊಳ್ಳುವವನಲ್ಲ.

"ನೋಯಲ್ವಾ?"

"ಸ್ವಲ್ಪ ಬಿಗಿದ ಹಾಗೆ, ಎಳೆದ ಹಾಗೆ ಅನ್ಸುತ್ತೆ. ನೋವಾದ್ರೆ ಬಾಯಿ ಇದೆಯಲ್ಲ, ಹೇಳಿ. ಇನ್ನೊಂಚೂರು ಔಷಧಿ ಹಾಕ್ತಾರೆ."

"ಕಣ್ಣು ಒಣಗಲ್ವಾ, ಅಷ್ಟು ಹೊತ್ತು ತೆರೆದೇ ಇದ್ರೆ?"

"ನೀರು ಹನಿಸ್ತಾನೇ ಇರ್ತೀವಿ. ಅದು ನನ್ನ ಕೆಲಸ."

"ಊರವರಿಗೆಲ್ಲ ಹಾಕಿದ್ದನ್ನೇ ನನಗೂ ಹಾಕ್ತೀರಾ?"

"ಪ್ರತಿಯೊಬ್ಬರಿಗೆ ಹಾಕಿದ ಮೇಲೂ ತೊಳೆದು, ಬಿಸಿ ಹಬೆಯಲ್ಲಿ ಕ್ರಿಮಿ ಸಾಯಿಸಿಯೇ ಇನ್ನೊಬ್ಬರಿಗೆ. ಖಾರದ ಮೇಲೆ ಗೋಧಿ ಸುರಿಯೋರಲ್ಲ ನಾವು."

ಬಾಗಿಲಲ್ಲಿ ನಿಂತಿದ್ದ ಅತ್ತೆ ಗೊಳ್ಳೆಂದು ನಕ್ಕಳು. ಮಾವನೂ ನಕ್ಕ. ನಗುತ್ತಲೇ ಆ ಪುಟ್ಟ ತಂತಿಯನ್ನು ಕಣ್ಣಿನ ಹತ್ತಿರ ಒಯ್ದ. ನಾದಿನಿ ತಟ್ಟನೆ ಕೈ ಹಿಡಿದಳು.

"ಅದೊಂದು ಮಾಡಬೇಡಿ! ಇದು ಹೊಸ ನರ್ಸ್‌ಗಳಿಗೆ ತೋರಿಸೋಕೆ ಇಟ್ಟಿರೋ ಹಳೇದು. ಇದೇ ಆಗಲಿ, ಬೇರೆ ಯಾವುದೇ ಆಗಲಿ, ಮನೇಲಿ ಯಾರೂ ಕಣ್ಣಿಗೆ ಹಾಕಬಾರದು. ನಿಮ್ಮ ಪಾಲಿಗೆ ಬೇರೆ ಕೆಲಸ ಇದೆ, ಕೇಳಿ. ತಲೆ ಅಲ್ಲಾಡಿಸಬಾರದು. ಕಣ್ಣು ಬಿಗಿಯಾಗಿ ಹಿಂಡಬಾರದು. ಕೈ ಮುಖದ ಹತ್ತಿರ ತರಬಾರದು. ಕೆಮ್ಮು, ಸೀನು ಬಂದ್ರೆ ಮೊದಲೇ ಹೇಳಬೇಕು. ಸಕ್ಕರೆ ಕಾಯಿಲೆ, ಬಿ.ಪಿ. ಮಾತ್ರೆ ತಗೊಳ್ತಿದ್ರೆ ಡಾಕ್ಟರಿಗೆ ಮುಚ್ಚಿಡಬಾರದು. ಹೆದರಿಕೆ ಇದ್ರೆ ಅದನ್ನೂ ಮುಚ್ಚಿಡಬಾರದು. ಅದೇ ದೊಡ್ಡ ರೋಗ."

ಕೊನೆಯ ಮಾತು ಹೇಳುವಾಗ ಅವಳು ನಗಲಿಲ್ಲ. ಮಾವ ತಲೆ ತಗ್ಗಿಸಿ, "ಆಯ್ತಮ್ಮ, ಬರ್ತೀನಿ," ಎಂದ.

ಆಪರೇಶನ್ನಿನ ದಿನ ಮಾವನ ಮುಖದ ಮೇಲೆ ಬಟ್ಟೆ ಹೊದಿಸಿ, ಬಲಗಣ್ಣನ್ನಷ್ಟೇ ಬಿಟ್ಟರು. ಹನಿ ಬಿತ್ತು. ಕಣ್ಣಿನ ಸುತ್ತ ಜೋಮು ಹಿಡಿದಂತಾಯಿತು. ಆಮೇಲೆ ಮೇಲೊಂದು, ಕೆಳಗೊಂದು ತಣ್ಣನೆಯ ಸ್ಪರ್ಶ. ಗಿರಣಿಯ ಚೀಲ ಕಣ್ಣ ಮುಂದೆ ಬಂದು, "ಈಗ ಕೈ ಬಿಟ್ಟರು," ಎಂದುಕೊಂಡ ಮಾವ. ಅವನ ರೆಪ್ಪೆಗಳು ಹುಟ್ಟುಗುಣ ಬಿಡದೆ ಪಿಳಿ ಎನ್ನಲು ಹೊರಟವು. ಆಗಲಿಲ್ಲ. ಇನ್ನೊಮ್ಮೆ ಹೊರಟವು. ಊಹೂಂ. ಜನ್ಮದಲ್ಲಿ ಮೊದಲ ಸಲ ಪಿಳಿಪಿಳಿ ಮಾವ ಎವೆಯಿಕ್ಕದೆ ನೋಡುತ್ತಿದ್ದ. ಆ ಬೆಕ್ಕು ಈಗ ಎದುರಿಗಿರಬೇಕಿತ್ತು! ಅವನ ಹೊಟ್ಟೆಯೊಳಗಿಂದ ನಗು ಉಕ್ಕಿ ಬಂತು.

"ಯಾಕ್ರೀ, ಏನಾಯ್ತು?" ಎಂದರು ಡಾಕ್ಟರು.

"ಏನಿಲ್ಲ ಸಾರ್. ಬೆಕ್ಕು ನೆನಪಾಯ್ತು."

"ನಗಬೇಡಿ, ತಲೆ ಅಲ್ಲಾಡುತ್ತೆ. ಬೆಕ್ಕಿನ ಕಥೆ ಆಮೇಲೆ ಕೇಳ್ತೀನಿ."

ಬೆಳಕು, ನೀರಿನ ಹನಿ, ತೇಲುವ ಬಣ್ಣಗಳು. ಕತ್ತಿಯೂ ಕಾಣಲಿಲ್ಲ, ಬಟ್ಟಲೂ ಕಾಣಲಿಲ್ಲ. ಪೊರೆಯಿಂದ ಮಂಜಾದ ಕಣ್ಣೊಳಗಿನ ಮಸೂರ ತೆಗೆದು ಹೊಸ ಲೆನ್ಸ್ ಕೂರಿಸಿ, ತಂತಿ ತೆಗೆದು, "ಮುಗೀತು, ಏಳಿ," ಎಂದಾಗ ಮಾವ, "ಇಷ್ಟೇನಾ?" ಎಂದು ಕೇಳಿದ. ಅವನಿಗೆ ನಿಜಕ್ಕೂ ಸ್ವಲ್ಪ ನಿರಾಸೆಯಾಗಿತ್ತು.

ಮರುದಿನ ಪಟ್ಟಿ ಬಿಚ್ಚಿದರು. ಮೊದಲು ಕಂಡದ್ದು ಎದುರಿಗೆ ಕೂತಿದ್ದ ಅತ್ತೆ. ಅವಳ ಸೀರೆ ಬೂದಿ ಬಣ್ಣದ್ದಲ್ಲ, ಗಿಳಿಹಸಿರು. ಅವಳ ಮೂಗುಬೊಟ್ಟು ಹೊಳೆಯುತ್ತಿತ್ತು. ಅವಳು ಅಳುತ್ತಿದ್ದಳು.

"ಅಳ್ತಾ ಇದ್ದೀಯಲ್ಲೇ!" ಎಂದ ಮಾವ.

"ಕಾಣ್ತಾ?" ಎಂದು ಅವಳು ಇನ್ನೂ ಜೋರಾಗಿ ಅತ್ತಳು. ಮಾವನ ಕಣ್ಣೂ ತುಂಬಿ ಬಂತು, ಕೈ ಕಣ್ಣಿನ ಕಡೆ ಏಳುತ್ತಿತ್ತು, ಆದರೆ ನಾದಿನಿ "ಕೈ!" ಎಂದು ಗದರಿಸಿದ್ದಕ್ಕೆ ಉಜ್ಜಿಕೊಳ್ಳಲಿಲ್ಲ.

ಮನೆಗೆ ಬಂದವನು ಕನ್ನಡಿಯ ಮುಂದೆ ನಿಂತ. ನಿಂತವನು ನಿಂತೇಬಿಟ್ಟ. ಮೀಸೆಯ ಬಲಭಾಗ ಮೂಗಿನ ಕೆಳಗೇ ಮುಗಿದಿತ್ತು. ಎಡಭಾಗ ಕೆನ್ನೆಗೆ ಪ್ರಯಾಣ ಹೊರಟಿತ್ತು.

"ಲೇ! ಇದು ಯಾವಾಗಿನಿಂದ ಹೀಗಿದೆ?"

"ವರ್ಷದಿಂದ ಬಡ್ಕೊಳ್ತಾ ಇದ್ದೀನಲ್ಲ!" ಎಂದು ಅತ್ತೆ ಅಡುಗೆಮನೆಯಿಂದಲೇ ಕೂಗಿದಳು. "ಸಮ ಇದೆ, ಸಮ ಇದೆ ಅಂತಿದ್ರಲ್ಲ!"

ಮಾವ ನಗಲು ಬಾಯಿ ತೆರೆದವನು ಹಾಗೆಯೇ ತಡೆದ. ತನಗೇನೋ ಪೊರೆಯಿತ್ತು, ಕಾಣಲಿಲ್ಲ. ಮೀಸೆ ಕತ್ತರಿಸಿದವನಿಗೆ? ಎರಡೂ ಕಡೆ ಹಿಡಿದು ನೋಡಿ ಸಮ ಎಂದವನಿಗೆ?

ಕಪ್ಪು ಕನ್ನಡಕ ಹಾಕಿಕೊಂಡು ಮಾವ ನೇರವಾಗಿ ಕಟಿಂಗ್ ಅಂಗಡಿಗೆ ಹೋದ. ನೊರೆಯಣ್ಣ ಖಾಲಿ ಅಂಗಡಿಯಲ್ಲಿ ಕತ್ತಿ ಒರೆಸುತ್ತ ಕೂತಿದ್ದ. ಮಾವ ಬಾಗಿಲಲ್ಲಿ ನಿಂತು ಮಾತಾಡದೆ ಸುಮ್ಮನೆ ನಕ್ಕ. ನೊರೆಯಣ್ಣ ಮುಖವೆತ್ತಿ, ಕಣ್ಣು ಕಿರಿದು ಮಾಡಿ, "ಯಾರದು? ಬನ್ನಿ, ಕೂತ್ಕೊಳ್ಳಿ," ಎಂದ.

ಬಾಲ್ಯದ ಗೆಳೆಯನಿಗೆ "ಬನ್ನಿ" ಎಂದ ನೊರೆಯಣ್ಣ! ಮಾವನಿಗೆ ಎಲ್ಲವೂ ಅರ್ಥವಾಯಿತು. ಹತ್ತಿರ ಹೋಗಿ ಅವನ ಕೈಯಿಂದ ಕತ್ತಿ ತೆಗೆದು ಕೆಳಗಿಟ್ಟ.

"ನಾನು ಕಣೋ. ಎಷ್ಟು ದಿನದಿಂದ ನಿನಗೆ ಕಾಣ್ತಿಲ್ಲ?"

ನೊರೆಯಣ್ಣನ ಮಾತಿನ ನೊರೆಯೆಲ್ಲ ಇಳಿದುಹೋಯಿತು. "ಯಾರಿಗೂ ಹೇಳಬೇಡ ಮಾರಾಯ. ಕತ್ತಿ ಹಿಡಿಯೋನಿಗೆ ಕಣ್ಣು ಕಾಣಲ್ಲ ಅಂದ್ರೆ ಯಾರು ಕುತ್ತಿಗೆ ಕೊಡ್ತಾರೆ? ಆಪರೇಶನ್ ಅಂದ್ರೆ ನನಗೂ ಹೆದರಿಕೆ. ನಿನಗೆ ಹೇಳಿದ ಕಥೆಯೆಲ್ಲ ನನಗೆ ನಾನೇ ಹೇಳಿಕೊಂಡಿದ್ದು," ಎಂದ.

"ರೆಪ್ಪೆ ಹೊಲಿಯಲ್ಲ ಕಣೋ."

"ಮತ್ತೆ?"

"ನನ್ನ ಚೀಲದ ತಂತಿ ನೆನಪಿದೆಯಾ?" ಎಂದು ಮಾವ ಗಿರಾಕಿಯ ಕುರ್ಚಿ ಎಳೆದುಕೊಂಡು ಗೆಳೆಯನ ಎದುರು ಕೂತ.

ಹೇಳಿ ಮುಗಿಸುವಷ್ಟರಲ್ಲಿ ಅಂಗಡಿ ಮುಚ್ಚುವ ಹೊತ್ತಾಗಿತ್ತು. ಅದೇ ವಾರ ಇಬ್ಬರೂ ಒಟ್ಟಿಗೆ ಆಸ್ಪತ್ರೆಗೆ ಹೋದರು. ನೊರೆಯಣ್ಣ ದಾರಿಯುದ್ದಕ್ಕೂ ಮಾವನ ಕೈ ಬಿಡಲಿಲ್ಲ, ಬರುವಾಗ ಮಾತು ಬಿಡಲಿಲ್ಲ.

ಡಾಕ್ಟರು ಧೂಳಿಗೆ ಹೋಗಬಹುದು ಎನ್ನುವವರೆಗೂ ಅತ್ತೆ ಕೀಲಿ ಕೊಡಲಿಲ್ಲ. ಹೊತ್ತುಹೊತ್ತಿಗೆ ಹನಿ ಹಾಕಿದಳು, ಕಣ್ಣಿಗೆ ನೀರು ಸೋಕದಂತೆ ಕಾದಳು, ಉಜ್ಜಲು ಕೈಯೆತ್ತಿದಾಗಲೆಲ್ಲ ಕೈಗೊಂದು ಏಟು ಕೊಟ್ಟಳು. ಗಿರಣಿ ತೆರೆದ ದಿನ ಮೊದಲು ಮೆಣಸಿನಕಾಯಿ ಬಂತು, ಆಮೇಲೆ ಟೀಚರಮ್ಮನ ಗೋಧಿ. ಮಾವ ತೌಡು ಹಾಕಿದ, ಇಣುಕಿದ, ಮತ್ತೆ ಹಾಕಿದ, ಮತ್ತೆ ಇಣುಕಿದ. "ಮಾವ, ಆಯ್ತಾ?" ಎಂದು ಟೀಚರಮ್ಮ ಮೂಗಿಗೆ ಸೆರಗು ಹಿಡಿದು ಕೇಳಿದರು. "ಇನ್ನೂ ಒಂದು ಚೂರು ಕೆಂಪಿದೆ ತಾಯಿ, ತಡೀರಿ," ಎಂದ ಮಾವ. ಆ ದಿನ ಬೀದಿಯಲ್ಲಿ ಯಾರೂ ಸೀನಲಿಲ್ಲ. ಪೊರೆ ತೆಗೆಸಿಕೊಂಡು ಬಂದ ನೊರೆಯಣ್ಣ ಕತ್ತರಿಸಿದ ಮಾವನ ಮೀಸೆ ಎರಡೂ ಕಡೆ ಸಮವಾಗಿತ್ತು. ಹಾಗೆಂದು ಅತ್ತೆಯೇ ಒಪ್ಪಿಕೊಂಡಳು.

ಓದುತ್ತಿರುವ ಅಕ್ಕ, ಅಣ್ಣ, ಅಮ್ಮ, ಅಪ್ಪ, ನಿಮಗೊಂದು ಮಾತು. ದೀಪದ ಸುತ್ತ ಮಂಜು ಕಾಣುತ್ತಿದ್ದರೆ, ಬಣ್ಣಗಳು ಮಾಸಿದಂತಿದ್ದರೆ, ಎದುರಿಗೆ ಬಂದವರ ಗುರುತು ದನಿಯಿಂದ ಹಿಡಿಯುತ್ತಿದ್ದರೆ, ಕಣ್ಣಿನ ಡಾಕ್ಟರಿಗೆ ಒಮ್ಮೆ ತೋರಿಸಿ. ಪೊರೆ ಎಂದರೆ ಆಪರೇಶನ್ನಿಗೆ ಹಿಂಜರಿಯಬೇಡಿ. ಹೆದರಿಕೆಯಿದ್ದರೆ ಬಚ್ಚಿಡಬೇಡಿ, ಅಲ್ಲಿನ ನರ್ಸಮ್ಮನನ್ನು ಕೇಳಿ, ಎಲ್ಲವನ್ನೂ ಬಿಡಿಸಿ ಹೇಳುತ್ತಾರೆ. ಆದಮೇಲೆ ಹೇಳಿದಷ್ಟು ದಿನ ಹನಿ ತಪ್ಪಿಸಬೇಡಿ. ಕಣ್ಣು ಕೆಂಪಾದರೆ, ನೋವು ಹೆಚ್ಚಾದರೆ, ಕಾಣುವುದು ಕಮ್ಮಿಯಾದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ. ಕಣ್ಣು ಮಿಟುಕಿದರೆ ಏನು ಗತಿ ಎಂಬ ಚಿಂತೆ ಮಾತ್ರ ಬೇಡವೇ ಬೇಡ. ಅದನ್ನು ನೋಡಿಕೊಳ್ಳಲು ಅಲ್ಲಿ ಒಂದು ಪುಟ್ಟ ತಂತಿಯಿದೆ.

ಮತ್ತೆ, ಮನೆಯಲ್ಲಿ ಯಾರಾದರೂ ನಿಮ್ಮ ಮೀಸೆ ಸೊಟ್ಟಗಿದೆ ಎಂದರೆ ಜಗಳಕ್ಕೆ ನಿಲ್ಲಬೇಡಿ. ಮೊದಲು ಕಣ್ಣು ತೋರಿಸಿಕೊಂಡು ಬನ್ನಿ.